ಕೀಲಿಮಣೆಯ ಮುಂದೆ ಹೆಣ್ಣುಮಕ್ಕಳೂ ಕೂರಲಿ

(ಸಂಘದ ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಊಟದ ಹೊತ್ತಾಗಿದೆ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ಕೋಡಿಂಗ್ ಕ್ಲಬ್ ನಡೆಯಬೇಕು, ಅದರಲ್ಲಿ ಹೆಣ್ಣುಮಕ್ಕಳು ಇರಬೇಕು. ನನ್ನ ಬೇಡಿಕೆ ಇಷ್ಟೇ.

ಕೋಡಿಂಗ್ ಅಂದರೆ ಮಂತ್ರವೇನಲ್ಲ. ಕಂಪ್ಯೂಟರು ಮಾಡಬೇಕಾದ ಕೆಲಸವನ್ನು ಒಂದಾದ ಮೇಲೊಂದರಂತೆ ಬರೆದು ಕೊಡುವುದು. ನಮ್ಮ ತೋಟದ ಮನೆಗಳಲ್ಲಿ ಮಳೆಮಾಪಕ ನೋಡಿ ಇಂಚು, ಸೆಂಟು ಬರೆದಿಡುತ್ತೇವಲ್ಲ? ಆ ಪುಸ್ತಕದ ಲೆಕ್ಕ ಹಾಕಿ, "ತಿಂಗಳ ಮಳೆ ಕೂಡಿಸು, ಹೋದ ವರ್ಷಕ್ಕಿಂತ ಎಷ್ಟು ಕಮ್ಮಿ ಹೇಳು, ಹೂಮಳೆ ಒಂದು ಇಂಚು ದಾಟಿದ ದಿನಕ್ಕೆ ಗುರುತು ಹಾಕು" ಎಂದು ಬರೆದರೆ ಅದೇ ಕೋಡಿಂಗ್. ಮಕ್ಕಳಿಗಾಗಿಯೇ ಅಮೆರಿಕದ ಎಂ.ಐ.ಟಿ.ಯವರು 2007ರಲ್ಲಿ 'ಸ್ಕ್ರ್ಯಾಚ್' ಎಂಬುದನ್ನು ಹೊರತಂದರು. ಇಟ್ಟಿಗೆ ಜೋಡಿಸಿದ ಹಾಗೆ ಆಜ್ಞೆಗಳನ್ನು ಜೋಡಿಸುತ್ತಾ ಹೋಗುವುದು. ಅದಕ್ಕೆ ಕಾಸು ಕೊಡಬೇಕಿಲ್ಲ. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಡ. ನಮ್ಮ ಜೂನ್-ಜುಲೈ ಮಳೆಯಲ್ಲಿ ಇದು ಸಣ್ಣ ಅನುಕೂಲವಲ್ಲ!

ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳು. ಹುಡುಗರು ಕೀಲಿಮಣೆ ಹಿಡಿಯುತ್ತಿದ್ದರು, ಹುಡುಗಿಯರು ಹಿಂದೆ ನಿಂತು ನೋಟ್ಸ್ ಬರೆಯುತ್ತಿದ್ದರು. ಎಷ್ಟೋ ದಿನ ನಾನೂ ಅದನ್ನು ಗಮನಿಸಲಿಲ್ಲ, ತಪ್ಪು ನನ್ನದೇ. ಒಂಬತ್ತನೇ ಕ್ಲಾಸಿನ ಒಬ್ಬಳು, "ಟೀಚರ್, ನಾನೊಂದು ಸಲ ಮುಟ್ಟಲಾ?" ಎಂದು ಕೇಳಿದಾಗ ನನಗೆ ನಾಚಿಕೆಯಾಯಿತು. ಆಮೇಲೆ ಶಾಲೆ ಬಿಟ್ಟ ನಂತರ ಒಂದು ಗಂಟೆ ಹೆಚ್ಚಿಗೆ ಕಲಿಸೋಣ ಅಂದುಕೊಂಡೆವು. ಹುಡುಗಿಯರು ಒಬ್ಬರೂ ನಿಲ್ಲಲಿಲ್ಲ! ಕೆಲವರಿಗೆ ಬಸ್ಸು ತಪ್ಪುತ್ತದೆ. ಲೈನ್‌ಮನೆಯ ಮಕ್ಕಳಿಗೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ. ಇನ್ನು ಆನೆ ದಾಟುವ ದಾರಿಯಲ್ಲಿ ಸಂಜೆ ಮಗಳನ್ನು ಒಬ್ಬಳನ್ನೇ ಯಾರು ತಾನೇ ಬಿಡುತ್ತಾರೆ? ಹುಡುಗಿಯರಿಗೆ ಆಸಕ್ತಿ ಇಲ್ಲ ಎಂದು ನಾವು ಷರಾ ಬರೆದುಬಿಡುತ್ತೇವೆ. ಅವರಿಗೆ ಇಲ್ಲದ್ದು ಆಸಕ್ತಿಯಲ್ಲ, ಹೊತ್ತು.

ಇದು ಗಂಡುಹುಡುಗರ ವಿದ್ಯೆ ಎನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ದೈತ್ಯ ಗಣಕಯಂತ್ರಕ್ಕೆ ಲೆಕ್ಕದ ಕ್ರಮ ಹೂಡಿಕೊಟ್ಟವರು ಆರು ಮಂದಿ ಹೆಂಗಸರು. ನಮ್ಮ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಗ, ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೊ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾರಿಗೇ ಕಾರ್ಡು ಬರೆದರು. ಕೆಲಸವೂ ಸಿಕ್ಕಿತು.

ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ಕೇಂದ್ರ ಸರಕಾರ 2022ರಲ್ಲಿ ಯೋಜನೆ ತಂದಿತು. ಆ ಕಂಪ್ಯೂಟರಿನ ಮುಂದೆ ನಾಳೆ ನಮ್ಮೂರಿನ ಹುಡುಗಿ ಯಾಕೆ ಕೂರಬಾರದು?

ಆದುದರಿಂದ ಕ್ಲಬ್ಬು ಶಾಲೆಯ ವೇಳೆಯೊಳಗೇ ನಡೆಯಲಿ, ಕೊನೆಯ ಪೀರಿಯಡ್ ಆದರೂ ಸರಿ. ಹುಡುಗಿಯರಿಗೆಂದೇ ಎರಡು ಕಂಪ್ಯೂಟರು ಮೀಸಲಿರಲಿ. ಕರೆಂಟು ಹೋದರೆ ಪಾಠ ನಿಲ್ಲದಂತೆ ಯು.ಪಿ.ಎಸ್. ಒಂದನ್ನು ಸಂಘ ಕೊಡಿಸಲಿ. ಅಧ್ಯಕ್ಷರು ಈ ಸಲದ ಮಹಾಸಭೆಯಲ್ಲೇ ಅದನ್ನು ಸದಸ್ಯರ ಮುಂದಿಡಬೇಕು ಎಂದು ಕೇಳಿಕೊಳ್ಳುತ್ತೇನೆ. ಕಲಿಸಲು ವಾರಕ್ಕೊಂದು ದಿನ ನಾನು ಬರುತ್ತೇನೆ, ಸಂಬಳ ಬೇಡ.