ಅಪ್ಪನ ಹೊಟ್ಟೆಯ ಗೋಡೆ

ಬಸ್ಸಲ್ಲೋ, ಮೆಟ್ರೋದಲ್ಲೋ, ಪಾತ್ರೆ ತೊಳೀತಾನೋ ಕೇಳ್ತಾ ಇರ್ತೀರಿ. ಊಟ ಮಾಡ್ತಾ ಕೇಳ್ತಿದ್ರೆ ಮಾತ್ರ ಒಂದೈದು ನಿಮಿಷ ನಿಲ್ಲಿಸಿ, ಆಮೇಲೆ ಕೇಳಿ. ಯಾಕೆ ಅಂತ ಈಗ್ಲೇ ಗೊತ್ತಾಗುತ್ತೆ.

ಹೋದ ವರ್ಷ ನಮ್ಮಪ್ಪನಿಗೆ ಎರಡು ತಿಂಗಳು ಹೊಟ್ಟೆ ಉರಿ. ಕೇಳಿದ್ರೆ, "ಗ್ಯಾಸ್ಟ್ರಿಕ್ ಕಣಮ್ಮ, ಒಂದು ಸೋಡಾ ಕುಡಿದ್ರೆ ಹೋಗುತ್ತೆ" ಅನ್ನೋರು. ಜೊತೆಗೆ ಮಂಡಿನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ತಾವೇ ಕೇಳಿ ತಂದ ಮಾತ್ರೆ ದಿನಾ ನುಂಗ್ತಿದ್ರು. ಒಂದು ದಿನ ಮಲ ಟಾರಿನ ಹಾಗೆ ಕಪ್ಪಗೆ ಹೋಯ್ತು. ಆಸ್ಪತ್ರೆಗೆ ಓಡಿದ್ವಿ. ಎಂಡೋಸ್ಕೋಪಿ ಮಾಡಿದ್ರೆ ಜಠರದಲ್ಲಿ ಹುಣ್ಣು. ಡಾಕ್ಟ್ರು ಅಲ್ಲಿಂದ ಅಕ್ಕಿನುಚ್ಚಿನಷ್ಟು ಚೂರುಗಳನ್ನ ತೆಗೆದು ಬಯಾಪ್ಸಿಗೆ ಕಳಿಸಿದ್ರು. ರಿಪೋರ್ಟ್‌ಗೆ ಐದು ದಿನ. ಆ ಐದು ದಿನ ಕ್ಯಾನ್ಸರ್ ಅನ್ನೋ ಪದವನ್ನ ಮನೇಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ತಲೇಲೂ ಅದೇ ಇತ್ತು.

ನಾನು ಬಿ.ಕಾಂ. ಓದಿದವಳು. ಬ್ಯಾಲೆನ್ಸ್ ಶೀಟ್ ಓದೋಕೆ ಬರುತ್ತೆ, ಬಯಾಪ್ಸಿ ರಿಪೋರ್ಟ್ ಬರಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ಕೂತು ಹೊಟ್ಟೆಯ ಗೋಡೆ ಹೇಗಿರುತ್ತೆ ಅಂತ ಓದಿದೆ.

ಅನ್ನನಾಳದಿಂದ ದೊಡ್ಡ ಕರುಳಿನವರೆಗೆ ಈ ಗೋಡೆಯ ಪ್ಲಾನ್ ಹೆಚ್ಚುಕಮ್ಮಿ ಒಂದೇ, ನಾಲ್ಕು ಪದರ. ಊಟ ತಾಗೋ ಒಳಗಿನ ಪದರ ಮ್ಯೂಕೋಸಾ, ಅಂದ್ರೆ ಲೋಳೆಪೊರೆ. ಅದರ ಹಿಂದೆ ಸಬ್‌ಮ್ಯೂಕೋಸಾ. ದೊಡ್ಡ ರಕ್ತನಾಳಗಳು ಇರೋದು ಇಲ್ಲಿ. ಮೂರನೆಯದು ಸ್ನಾಯು, ಊಟವನ್ನ ಕಲೆಸಿ ಮುಂದೆ ತಳ್ಳೋದು ಇದೇ. ಹೊರಗೆ ನುಣುಪಾದ ತೆಳು ಹೊದಿಕೆ, ಸೆರೋಸಾ.

ಜಠರದಲ್ಲಿ ಆ ಒಳಪದರದ ಮೇಲ್ಮೈ ಅಂದ್ರೆ ಒಂದೇ ಒಂದು ಸಾಲು ಜೀವಕೋಶ. ಅಲ್ಲಲ್ಲಿ ಸಣ್ಣ ಗುಳಿಗಳು, ಅವುಗಳ ಕೆಳಗೆ ಗ್ರಂಥಿಗಳು. ಅಲ್ಲಿರೋ ಪೆರೈಟಲ್ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲ ಸುರಿಸುತ್ತವೆ. ಮಾಂಸವನ್ನೇ ಕರಗಿಸೋ ಈ ರಸ ಹೊಟ್ಟೆಯನ್ನ ಯಾಕೆ ಕರಗಿಸಲ್ಲ? ಮೇಲ್ಮೈ ಕೋಶಗಳು ದಪ್ಪ ಲೋಳೆ ಬಿಡ್ತವೆ, ಆ ಲೋಳೆಯೊಳಗೆ ಆಮ್ಲವನ್ನ ತಟಸ್ಥ ಮಾಡೋ ಬೈಕಾರ್ಬನೇಟ್ ಇರುತ್ತೆ. ಜೊತೆಗೆ ಆ ಕೋಶಗಳ ಸಾಲೇ ಒಂದು ವಾರದೊಳಗೆ ಪೂರ್ತಿ ಹೊಸದಾಗುತ್ತೆ. ಕಳೆದ ವಾರದ ಹೊಟ್ಟೆಯ ಒಳಮೈ ಇವತ್ತು ನಿಮ್ಮಲ್ಲಿಲ್ಲ.

ಆ ಲೋಳೆ ಸುರಿಯುತ್ತಾ ಇರೋಕೆ ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಕೆಲಸ ಮಾಡೋದೇ ಅದನ್ನ ಕಮ್ಮಿ ಮಾಡಿ. ಮಂಡಿಯಲ್ಲಿ ನೋವು ಇಳಿಯುತ್ತೆ, ಹೊಟ್ಟೆಯಲ್ಲಿ ಕಾವಲು ಇಳಿಯುತ್ತೆ.

ಈಗ ನಾನು ಇದನ್ನೆಲ್ಲ ಹೇಳೋಕೆ ಕಾರಣವಾದ ವಿಷಯ. ಲೋಳೆಪೊರೆಯ ತಳದಲ್ಲಿ ಒಂದು ತೀರಾ ತೆಳುವಾದ ಸ್ನಾಯುವಿನ ಎಳೆ ಇದೆ, ಮಸ್ಕ್ಯುಲಾರಿಸ್ ಮ್ಯೂಕೋಸೆ. ಗಾಯ ಅದರ ಮೇಲೇ ನಿಂತರೆ ಅದು ತರಚು ಗಾಯ, ಬೇಗ ಮಾಯುತ್ತೆ, ಕಲೆಯೂ ಉಳಿಯಲ್ಲ. ಅದನ್ನ ದಾಟಿದ್ರೆ ಹುಣ್ಣು. ದಾಟಿದ ಮೇಲೆ ಸಿಗೋದು ಆ ದೊಡ್ಡ ರಕ್ತನಾಳಗಳು. ಅಪ್ಪನಿಗೆ ಆಗಿದ್ದು ಅದೇ. ಒಳಗೆ ಒಸರಿದ ರಕ್ತ ಆಮ್ಲಕ್ಕೆ ಸಿಕ್ಕಿ ಕಪ್ಪಾಗಿತ್ತು. ಸೋಡಾ ಅಲ್ಲಿ ಏನು ಮಾಡುತ್ತೆ ಹೇಳಿ!

ಐದನೇ ದಿನ ರಿಪೋರ್ಟ್ ಬಂತು. ನಾನು ಮೊದಲು ಕೊನೇ ಸಾಲು ನೋಡಿದೆ. ಕ್ಯಾನ್ಸರ್ ಇಲ್ಲ. ಅಮ್ಮ ಅಲ್ಲೇ ಕಾರಿಡಾರ್‌ನ ಬೆಂಚ್ ಮೇಲೆ ಕೂತುಬಿಟ್ರು. ಅದರ ಮೇಲಿನ ಸಾಲಲ್ಲಿ ಇನ್ನೊಂದು ಹೆಸರಿತ್ತು: ಹೆಲಿಕೋಬ್ಯಾಕ್ಟರ್ ಪೈಲೋರಿ. ಲೋಳೆಯೊಳಗೇ ಮನೆ ಮಾಡೋ ಬ್ಯಾಕ್ಟೀರಿಯಾ.

ಇದರದ್ದೂ ಒಂದು ಕಥೆ ಇದೆ. ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾನೂ ಬದುಕಲ್ಲ, ಹುಣ್ಣಿಗೆ ಟೆನ್ಷನ್ನು, ಖಾರಾನೇ ಕಾರಣ ಅಂತ ಎಲ್ಲರೂ ನಂಬಿದ್ರು. 1979ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಅನ್ನೋ ಪೆಥಾಲಜಿಸ್ಟ್ ಇಂಥದೇ ಬಯಾಪ್ಸಿ ಚೂರನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಬಾಗಿದ ಬ್ಯಾಕ್ಟೀರಿಯಾಗಳನ್ನ ಕಂಡ್ರು. ಅವರ ಜೊತೆ ಸೇರಿದ ಬ್ಯಾರಿ ಮಾರ್ಷಲ್, 1984ರಲ್ಲಿ ಆ ಬ್ಯಾಕ್ಟೀರಿಯಾವನ್ನ ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ್ರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಪ್ಪನಿಗೆ 14 ದಿನ ಆ್ಯಂಟಿಬಯಾಟಿಕ್, ಆಮ್ಲ ಇಳಿಸೋ ಮಾತ್ರೆ, ಮಂಡಿನೋವಿನ ಮಾತ್ರೆ ಬಂದ್. ಎರಡು ತಿಂಗಳ ಮೇಲೆ ಮತ್ತೆ ಎಂಡೋಸ್ಕೋಪಿ ಮಾಡಿದಾಗ ಹುಣ್ಣು ಮಾಯ್ದಿತ್ತು.

ನಾನು ಡಾಕ್ಟರ್ ಅಲ್ಲ, ಮದ್ದು ಹೇಳಲ್ಲ. ಎರಡೇ ಮಾತು. ನೋವಿನ ಮಾತ್ರೆಯನ್ನ ಡಾಕ್ಟ್ರನ್ನ ಕೇಳದೆ ದಿನಗಟ್ಟಲೆ ನುಂಗಬೇಡಿ. ಮಲ ಟಾರಿನ ಹಾಗೆ ಕಪ್ಪಗೆ ಹೋದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮ ಮನೇಲೂ "ಬರೀ ಗ್ಯಾಸ್ಟ್ರಿಕ್ಕು" ಅನ್ನೋ ಅಪ್ಪ ಇದ್ರೆ, ಈ ಸಂಚಿಕೆ ಅವರಿಗೂ ಕೇಳಿಸಿ.

ಮುಂದಿನ ವಾರ ಸಿಗೋಣ.