ಮಲೆನಾಡಿನ ಮನೆಗೊಂದು ಸಣ್ಣ ಕಾರು: ಕೊಳ್ಳುವ ಮುನ್ನ ಕೆಲವು ಲೆಕ್ಕಗಳು

(ಆಯನೂರಿನಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ನೀರು, ಮಣ್ಣಿನ ವಿಚಾರಕ್ಕೆಂದು ಸೇರಿದ ಸಭೆಯಲ್ಲಿ ಕಾರಿನ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಉತ್ತರವೂ ಸರಳವಾಗಿದೆ. ಕಾರು ಕೊಳ್ಳಬೇಡಿರೆಂದು ಉಪದೇಶಿಸುವವರ ಮಾತಿಗೆ ಕಿವಿಗೊಟ್ಟು ಮಲೆನಾಡಿನ ಯಾವ ಮನೆಯೂ ಕಾರು ಬಿಟ್ಟಿಲ್ಲ. ಸಂಜೆಯ ಕೊನೆಯ ಬಸ್ಸು ತಪ್ಪಿದವರಿಗೆ, ರಾತ್ರಿ ಹನ್ನೊಂದಕ್ಕೆ ಎದೆನೋವು ಕಾಣಿಸಿಕೊಂಡ ತಂದೆಯನ್ನು ಶಿವಮೊಗ್ಗಕ್ಕೆ ಸಾಗಿಸಬೇಕಾದವರಿಗೆ ಅಂತಹ ಉಪದೇಶ ಬೇಕಾಗಿಯೂ ಇಲ್ಲ. ಹಾಗಿರುವಾಗ ಯಾವ ಕಾರು, ಎಷ್ಟು ಕಾರು, ಅದರಲ್ಲಿ ಎಷ್ಟು ಓಡಾಟ ಎಂಬುದನ್ನು ಲೆಕ್ಕ ಹಾಕಿ ನೋಡುವುದೇ ಹೆಚ್ಚು ಉಪಯುಕ್ತ.

ಕಾರಿನ ಬೇಡಿಕೆ ಬರಿಯ ಆಸೆಯಿಂದ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಒಟ್ಟುಗೂಡಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳನ್ನು ಪೇಟೆಗೆ ಜೋಡಿಸಿದ್ದವು. 2020ರಲ್ಲಿ ಆ ಸಂಸ್ಥೆ ನಿಂತುಹೋಯಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸುಗಳಿಗೆ ಸಂಬಂಧಿಸಿದ್ದು. ಖಾಸಗಿ ಬಸ್ಸನ್ನೇ ನಂಬಿರುವ ಒಳಹಳ್ಳಿಗಳ ಹೆಣ್ಣುಮಕ್ಕಳಿಗೆ ಅದರ ಪ್ರಯೋಜನ ಮುಖ್ಯರಸ್ತೆಗೆ ನಡೆದು ಬಂದ ಮೇಲಷ್ಟೇ. ಆಯನೂರು ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮೇಲಿರುವುದರಿಂದ ಅದೃಷ್ಟವಂತ ಊರು. ಕುಂಸಿ, ಅರಸಾಳು, ಆನಂದಪುರದವರಿಗೆ ತಾಳಗುಪ್ಪದ ರೈಲೂ ಉಂಟು. ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗೆ ಸರಿದರೆ ಚಿತ್ರ ಬೇರೆ.

ಅಂತಹ ಒಳಗಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಎರಡು ಎಕರೆ ಅಡಿಕೆ, ಒಂದಿಷ್ಟು ಮೆಕ್ಕೆಜೋಳ. ಗಂಡ, ಹೆಂಡತಿ, ಮಂಡಿನೋವಿನ ಅಜ್ಜಿ, ಶಿವಮೊಗ್ಗದಲ್ಲಿ ಓದುವ ಇಬ್ಬರು ಮಕ್ಕಳು. ವಾರಕ್ಕೆ ಮೂರು ನಾಲ್ಕು ಬಾರಿ ಶಿವಮೊಗ್ಗ, ವರ್ಷಕ್ಕೆ ಐದಾರು ಬಾರಿ ಆಗುಂಬೆ ಘಾಟಿ ಇಳಿದು ಉಡುಪಿಯ ಕಡೆಯ ನೆಂಟರ ಮನೆ. ಒಟ್ಟು ಓಡಾಟ ವರ್ಷಕ್ಕೆ 8,000 ಕಿಲೋಮೀಟರ್ ಎಂದಿಟ್ಟುಕೊಳ್ಳಬಹುದು. ಮಗ ಹೇಳುತ್ತಾನೆ: "ಅಪ್ಪಯ್ಯ, ಮೈಲೇಜ್ ನೋಡಿ ತಗೊಳ್ಳಿ." ಅಪ್ಪಯ್ಯನ ಚಿಂತೆ ಕಂತಿನದು. ಅಜ್ಜಿಯ ಚಿಂತೆ, ಬಾಗದ ಮಂಡಿಯಲ್ಲಿ ಆ ತಗ್ಗಿನ ಸೀಟಿನೊಳಗೆ ಕೂರುವುದು ಹೇಗೆಂಬುದು. ಮೂವರಲ್ಲಿ ಅಜ್ಜಿಯ ಪ್ರಶ್ನೆಯೇ ಅತ್ಯಂತ ವೈಜ್ಞಾನಿಕವಾದುದೆಂದು ಹೇಳಿದರೆ ತಪ್ಪಾಗಲಾರದು.

ಮೊದಲು ಮಗನ ಮೈಲೇಜ್. ಲೀಟರಿಗೆ 20 ಕಿಲೋಮೀಟರ್ ಕೊಡುವ ಕಾರು 8,000 ಕಿಲೋಮೀಟರಿಗೆ 400 ಲೀಟರ್ ಪೆಟ್ರೋಲ್ ಕುಡಿಯುತ್ತದೆ. 22 ಕೊಡುವ ಕಾರಿಗೆ ಬೇಕಾದದ್ದು ಸುಮಾರು 364 ಲೀಟರ್. ವ್ಯತ್ಯಾಸ 36 ಲೀಟರ್, ಅಂದರೆ ತಿಂಗಳಿಗೆ ಸುಮಾರು 300 ರೂಪಾಯಿ. ಅದೇ ಮನೆ ವಾರಕ್ಕೆ ಒಂದು ಬಾರಿ ಕಾರಿನ ಬದಲು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿಬಂದರೆ ವರ್ಷಕ್ಕೆ ಉಳಿಯುವುದು ತೊಂಬತ್ತು ಲೀಟರಿಗೂ ಹೆಚ್ಚು. ಷೋರೂಮಿನಲ್ಲಿ ಎರಡು ಕಿಲೋಮೀಟರ್ ಮೈಲೇಜಿಗಾಗಿ ಗಂಟೆಗಟ್ಟಲೆ ವಾದಿಸುವ ಮನೆಯೇ ಬಸ್ಸಿಗೆ ಹೋಗಬಹುದಾದ ಕೆಲಸಕ್ಕೆ ಕಾರು ತೆಗೆಯುವುದು ವಿಚಿತ್ರವಾದರೂ ನಿಜ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಇದರ ಜೊತೆ ಗುಣಿಸಿ ನೋಡಬಹುದು.

ಕಂಪನಿಗಳು ಪ್ರಕಟಿಸುವ ಅಂಕಿಗಳು ಪ್ರಯೋಗಶಾಲೆಯ ಉರುಳೆಗಳ ಮೇಲೆ ಓಡಿಸಿ ಪಡೆದವು. ಆಲ್ಟೊ ಕೆ10ಗೆ 24ಕ್ಕೂ ಹೆಚ್ಚು, ಸೆಲೆರಿಯೊಗೆ 25ಕ್ಕೂ ಹೆಚ್ಚು ಎಂದು ಬರೆದಿರುತ್ತದೆ. ಆ ಉರುಳೆಗಳ ಮೇಲೆ ಮಳೆಯಿಲ್ಲ, ಕೆಸರಿಲ್ಲ, ಹಿಂದಿನ ಸೀಟಿನಲ್ಲಿ ಮೂವರು ನೆಂಟರಿಲ್ಲ. ಘಾಟಿಯ ಲೆಕ್ಕವನ್ನು ಭೌತಶಾಸ್ತ್ರದ ಪುಸ್ತಕದಿಂದಲೇ ತೆಗೆಯಬಹುದು. ಜನರೂ ಸೇರಿ 1,200 ಕಿಲೋ ತೂಗುವ ಕಾರು ಅರ್ಧ ಕಿಲೋಮೀಟರ್ ಎತ್ತರ ಏರಲು ಸುಮಾರು 60 ಲಕ್ಷ ಜೂಲ್ ಶಕ್ತಿ ಬೇಕು. ಪೆಟ್ರೋಲ್ ಎಂಜಿನ್ನು ಇಂಧನದ ನಾಲ್ಕನೆಯ ಒಂದು ಭಾಗವನ್ನಷ್ಟೇ ಚಕ್ರಕ್ಕೆ ತಲುಪಿಸುತ್ತದೆಂದು ಹಿಡಿದರೆ, ಏರುವುದಕ್ಕೆಂದೇ ಮುಕ್ಕಾಲು ಲೀಟರ್ ಹೆಚ್ಚು ಖರ್ಚು. ಇಳಿಯುವಾಗ ಅಷ್ಟೇ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತಕ್ಕೆ ಕಾರನ್ನು ಬಿಡದೆ ಬ್ರೇಕನ್ನೇ ತುಳಿಯುತ್ತ ಇಳಿದರೆ, ಕೆಳಗೆ ತಲುಪುವಷ್ಟರಲ್ಲಿ ಸುಟ್ಟ ವಾಸನೆ ಬರುವುದು ಇದೇ ಕಾರಣಕ್ಕೆ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಚಾಳಿಯಂತೂ ಆತ್ಮಹತ್ಯೆಗೆ ಸಮಾನ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹರಿಯುವುದು ತಾನಾಗಿಯೇ ನಿಲ್ಲುವುದರಿಂದ ಅದರಲ್ಲಿ ಉಳಿತಾಯವೂ ಇಲ್ಲ.

ಏರುವ ಕಾರಿಗೆ ಬೇಕಾದದ್ದು ಕೆಳಗಿನ ವೇಗದಲ್ಲಿಯೇ ಸಿಗುವ ಎಳೆತ. ಆಲ್ಟೊ ಕೆ10ರ 998 ಸಿಸಿ ಎಂಜಿನ್ನಿನ ಎಳೆತ 89 ನ್ಯೂಟನ್ ಮೀಟರ್. ಟಿಯಾಗೊದ 1,199 ಸಿಸಿ ಎಂಜಿನ್ನಿನದು 113. ಅಂಕಿ ನೋಡಿದರೆ ಎರಡನೆಯದೇ ಮೇಲು. ಆದರೆ ಆಲ್ಟೊ ಬಹಳ ಹಗುರವಾದ ಕಾರು. ಒಬ್ಬರೋ ಇಬ್ಬರೋ ಕೂತಾಗ ಅದು ಚುರುಕಾಗಿ ಏರುತ್ತದೆ. ಐದು ಜನರ ಭಾರ ಬಿದ್ದಾಗ ಮಾತ್ರ ಕಾರಿನ ತೂಕಕ್ಕೆ ಹೋಲಿಸಿದರೆ ಆ ಹೆಚ್ಚುವರಿ ಹೊರೆ ದೊಡ್ಡದಾಗಿ, ಹೇರ್‌ಪಿನ್ ತಿರುವಿನಲ್ಲಿ ಮೊದಲ ಗೇರಿಗೆ ಇಳಿಯದೆ ಗತಿಯಿಲ್ಲ. ಆದ್ದರಿಂದ ಇಬ್ಬರೇ ಇರುವ ಮನೆಗೆ ಆಲ್ಟೊ ಜಾಣ ಆಯ್ಕೆ. ಮೇಲೆ ಹೇಳಿದ ಐದು ಜನರ ಮನೆಗೆ 1,200 ಸಿಸಿಯ ಆಸುಪಾಸಿನ ಎಂಜಿನ್ನೇ ಸೂಕ್ತ. ವ್ಯಾಗನ್ ಆರ್ 1.2, ಸ್ವಿಫ್ಟ್, ಟಿಯಾಗೊ, ಗ್ರ್ಯಾಂಡ್ ಐ10 ನಿಯೋಸ್ ಎಲ್ಲವೂ ಈ ಗುಂಪಿಗೆ ಸೇರಿದವು. ಕ್ಲಚ್ಚಿಲ್ಲದ ಎಎಂಟಿ ಗೇರು ಪೇಟೆಯಲ್ಲಿ ಸುಖವೇ ಸರಿ. ಏರಿನಲ್ಲಿ ನಿಂತು ಹೊರಡುವಾಗ ಅದು ಒಂದು ಕ್ಷಣ ತಡೆಯುತ್ತದೆ, ಆ ಕ್ಷಣದಲ್ಲಿ ಕಾರು ಹಿಂದಕ್ಕೆ ಸರಿಯಬಹುದು. ಹಿಂದೆ ಮರದ ಲಾರಿ ನಿಂತಿದ್ದಾಗ ಕ್ಷಣವೂ ದೀರ್ಘವೇ. ಏರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವ ಹಿಲ್ ಹೋಲ್ಡ್ ಸೌಲಭ್ಯ ಆ ದರ್ಜೆಯಲ್ಲಿದೆಯೇ ಎಂದು ಕೇಳಿಯೇ ಮುಂಗಡ ಕೊಡಬೇಕು.

ಇನ್ನು ಅಜ್ಜಿಯ ಮಂಡಿ. ಎತ್ತರದ ಛಾವಣಿ, ಕುರ್ಚಿಯ ಮಟ್ಟದ ಸೀಟು ಇರುವ ವ್ಯಾಗನ್ ಆರ್ ಇಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತದೆ. ಅದರ ಡಿಕ್ಕಿಯೂ 341 ಲೀಟರಿನಷ್ಟು ದೊಡ್ಡದು. ಟಿಯಾಗೊದ್ದು 242, ಆಲ್ಟೊದ್ದು 214. ನೆಲದಿಂದ ಕಾರಿನ ಹೊಟ್ಟೆಗಿರುವ ಅಂತರ ಬಹುತೇಕ ಎಲ್ಲದರಲ್ಲೂ 163ರಿಂದ 170 ಮಿಲಿಮೀಟರ್. ಕ್ವಿಡ್ ಮಾತ್ರ 184. ಮಣ್ಣುರಸ್ತೆಯ ನಡುವೆ ಗೂನುಬೆನ್ನಿನಂತೆ ಎದ್ದಿರುವ ದಿಬ್ಬವನ್ನು ನೋಡಿದವರಿಗೆ ಈ 15 ಮಿಲಿಮೀಟರಿನ ಬೆಲೆ ಗೊತ್ತು.

ಹೀಗೆ ಸೌಕರ್ಯದಲ್ಲಿ ಗೆದ್ದ ಕಾರು ಮುಂದಿನ ಪ್ರಶ್ನೆಯಲ್ಲಿ ಸೋಲುತ್ತದೆ, ನಿಜವಾದ ಇಕ್ಕಟ್ಟು ಇರುವುದೂ ಇಲ್ಲಿಯೇ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ತಡೆಗೋಡೆಗೆ ಗುದ್ದಿಸಿ ನೋಡಿತು. ಐದಕ್ಕೂ ಸಿಕ್ಕ ನಕ್ಷತ್ರ ಸೊನ್ನೆ. ಅನಂತರ ಕಾಯಿದೆ ಬಿಗಿಯಾಯಿತು. 2019ರಲ್ಲಿ ಎಬಿಎಸ್ ಬ್ರೇಕು ಮತ್ತು ಚಾಲಕನ ಏರ್‌ಬ್ಯಾಗು, ಆ ಬಳಿಕ ಪಕ್ಕದವರ ಏರ್‌ಬ್ಯಾಗು ಕಡ್ಡಾಯವಾದವು. 2020ರಲ್ಲಿ ಟಿಯಾಗೊ ನಾಲ್ಕು ನಕ್ಷತ್ರ ಗಳಿಸಿತು. 2023ರಲ್ಲಿ, ಆ ವೇಳೆಗೆ ಇನ್ನಷ್ಟು ಕಠಿಣವಾಗಿದ್ದ ಪರೀಕ್ಷೆಯಲ್ಲಿ, ದೊಡ್ಡವರ ರಕ್ಷಣೆಗೆ ಆಲ್ಟೊ ಕೆ10ಗೆ ಎರಡು, ವ್ಯಾಗನ್ ಆರ್‌ಗೆ ಒಂದು ನಕ್ಷತ್ರ ಬಂದಿತು. ಹಳೆಯ ಪರೀಕ್ಷೆಯ ನಾಲ್ಕನ್ನು ಹೊಸ ಪರೀಕ್ಷೆಯ ಎರಡರೊಡನೆ ನೇರವಾಗಿ ತೂಗುವುದು ನ್ಯಾಯವಲ್ಲ. ಆದರೂ ದಿಕ್ಕು ತಿಳಿಯುತ್ತದೆ. 2025ರಲ್ಲಿ ಆಲ್ಟೊ, ವ್ಯಾಗನ್ ಆರ್ ಎರಡಕ್ಕೂ ಆರು ಏರ್‌ಬ್ಯಾಗ್ ಬಂದಿರುವುದು ಸಂತೋಷವೇ. ಆದರೆ ಏರ್‌ಬ್ಯಾಗಿನ ಸಂಖ್ಯೆಯೇ ಬೇರೆ, ಗುದ್ದಿಗೆ ನಜ್ಜುಗುಜ್ಜಾಗದೆ ನಿಲ್ಲುವ ಕಾರಿನ ಕಟ್ಟೇ ಬೇರೆ. ಜೀರಿಗೆಯೂ ಸೋಂಪೂ ನೋಡಲು ಒಂದೇ ತೆರನಾದರೂ ಒಂದರ ಕೆಲಸ ಇನ್ನೊಂದರಿಂದ ಆಗದು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ಸ್ವದೇಶಿ ಪರೀಕ್ಷೆಯೂ ಇದೆ. ಕೊಳ್ಳುವ ದಿನ, ಕೊಳ್ಳುವ ಮಾದರಿಯ ಫಲಿತಾಂಶವನ್ನೇ ಕೇಳಬೇಕು, ಅದರ ಅಣ್ಣತಮ್ಮಂದಿರದನ್ನಲ್ಲ.

ಅಜ್ಜಿಯ ಮಂಡಿಗೆ ವ್ಯಾಗನ್ ಆರ್, ಐವರ ಜೀವಕ್ಕೆ ಟಿಯಾಗೊ. ಇಂತಹ ಇಕ್ಕಟ್ಟಿನಲ್ಲಿ ಜೀವದ ಕಡೆಗೇ ತಕ್ಕಡಿ ವಾಲಬೇಕು, ಅಜ್ಜಿಗೆ ಒಂದು ಕಾಲುಮಣೆ ಇಟ್ಟುಕೊಡಬಹುದು. ಆದರೆ ಹಿಂದಿನ ಸೀಟಿನ ಬೆಲ್ಟನ್ನು ಸೀಟಿನ ಸಂದಿಗೆ ತುರುಕಿ, ಧರ್ಮಸ್ಥಳಕ್ಕೆಂದು ಏಳು ಜನ ತುಂಬಿಕೊಂಡು ಹೊರಡುವುದಾದರೆ ನಾಲ್ಕು ನಕ್ಷತ್ರವೂ ಒಂದೇ, ಸೊನ್ನೆಯೂ ಒಂದೇ. ಹಣ ಸ್ವಲ್ಪ ಹೆಚ್ಚಿದ್ದರೆ ದೊಡ್ಡ ಟಚ್‌ಸ್ಕ್ರೀನಿಗೆ ಸುರಿಯುವ ಬದಲು ಹಿಂದಿನ ಗಾಜಿನ ವೈಪರ್, ಮಂಜು ತೆಗೆಯುವ ಡಿಫಾಗರ್ ಇರುವ ದರ್ಜೆ ಕೇಳಬೇಕು. ಜುಲೈ ತಿಂಗಳ ಆಗುಂಬೆಯಲ್ಲಿ ಇವೆರಡೂ ಅಲಂಕಾರವಲ್ಲ.

ಇಂಧನದ ವಿಚಾರ. ಡೀಸೆಲ್ ಸಣ್ಣ ಕಾರುಗಳ ಕಾಲ 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಬಹುಮಟ್ಟಿಗೆ ಮುಗಿಯಿತು. ಸಿಎನ್‌ಜಿ ಅಗ್ಗ, ಹೊಗೆಯೂ ಕಡಿಮೆ. ಆದರೆ ಸಿಲಿಂಡರು ಸಾಮಾನ್ಯವಾಗಿ ಡಿಕ್ಕಿಯನ್ನೇ ನುಂಗುತ್ತದೆ, ಅಡಿಕೆ ಚೀಲಕ್ಕೆ ಜಾಗ ಉಳಿಯದು. ಎರಡು ಚಿಕ್ಕ ಸಿಲಿಂಡರುಗಳನ್ನು ತಳದಲ್ಲಿ ಅಡಗಿಸಿದ ಟಿಯಾಗೊದಂತಹ ಮಾದರಿಗಳಲ್ಲಿ ಈ ತೊಂದರೆ ಕಡಿಮೆ. ಮನೆಗೆ ಹತ್ತಿರದ ಬಂಕಿನಲ್ಲಿ ಅನಿಲ ಸಿಗುವುದೇ ಎಂಬುದು ಮೊದಲ ಪ್ರಶ್ನೆ.

ಪೆಟ್ರೋಲ್ ಎಂದು ತುಂಬಿಸುವುದರಲ್ಲಿ ಈಗ ಐದನೆಯ ಒಂದು ಭಾಗ ಎಥನಾಲ್. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದರಷ್ಟು ಕಡಿಮೆ. ಹಳೆಯ ಕಾರುಗಳ ಮೈಲೇಜ್ ಶೇಕಡಾ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. 2023ರ ಏಪ್ರಿಲ್‌ಗಿಂತ ಹಿಂದೆ ತಯಾರಾದ ಕಾರಿನ ರಬ್ಬರ್ ಕೊಳವೆಗಳನ್ನು ಸರ್ವೀಸಿನಲ್ಲಿ ನೋಡಿಸುತ್ತಿರಬೇಕು. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಕಾರನ್ನು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸುವುದೂ ಒಳ್ಳೆಯದಲ್ಲ. ಇಲಿ ಬಂದು ವೈರು ಕಡಿಯುವುದು ಬೇರೆಯೇ ಕಥೆ. ಕೃಷಿಕರಿಗೆ ಈ ಎಥನಾಲಿನ ಇನ್ನೊಂದು ಮುಖವೂ ಪರಿಚಿತ. ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತದೆ. ವರ್ಷಕ್ಕೆ 400 ಲೀಟರ್ ಕುಡಿಯುವ ಕಾರಿನ ಪಾಲಿನ 80 ಲೀಟರ್ ಪೂರ್ತಿ ಜೋಳದಿಂದಲೇ ಬಂದರೆ, ಕಾರು ತಿನ್ನುವುದು ಎರಡು ಕ್ವಿಂಟಲಿಗೂ ಮಿಕ್ಕ ಕಾಳು. ಅದನ್ನು ಬೆಳೆಯಲು ಕಾಡಂಚಿನ ಇಳಿಜಾರಿನ ಮಣ್ಣು ಎಷ್ಟು ಕೊಚ್ಚಿಹೋಯಿತೆಂಬುದು ಯಾವ ಬಂಕಿನ ಮೀಟರಿನಲ್ಲೂ ಕಾಣುವುದಿಲ್ಲ.

ವಿದ್ಯುತ್ ಕಾರು ಘಾಟಿಗೆ ಹೇಳಿ ಮಾಡಿಸಿದಂತಿದೆ. ಏರುವಾಗ ಎಳೆತಕ್ಕೆ ಕೊರತೆಯಿಲ್ಲ, ಇಳಿಯುವಾಗ ಬ್ರೇಕಿನಲ್ಲಿ ಪೋಲಾಗುವ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. 2022ರಲ್ಲಿ ಬಂದ ಟಿಯಾಗೊ ಇವಿಯ ಚಿಕ್ಕ ಬ್ಯಾಟರಿಗೆ ಕಂಪನಿ ಹೇಳಿದ್ದು 250 ಕಿಲೋಮೀಟರ್. ನಿಜದ ರಸ್ತೆಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ ಎಂದೇ ಹಿಡಿಯಬೇಕು. ಶಿವಮೊಗ್ಗಕ್ಕೆ ನಿತ್ಯ ಹೋಗಿಬರಲು ಅದು ಧಾರಾಳವಾಯಿತು. ಆದರೆ ಮನೆಯ ಸಾಕೆಟ್ಟಿನಲ್ಲಿ ತುಂಬಲು ಇಡೀ ರಾತ್ರಿ ಬೇಕು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಮನೆಯಲ್ಲಿ ಅದೊಂದೇ ವಾಹನವಾಗಿದ್ದರೆ ತುರ್ತಿಗೆ ಕೈಕೊಡುವ ಸಂಭವವಿದೆ. ಬೈಕೊಂದು ಜೊತೆಗಿದ್ದರೂ ಮುದುಕರನ್ನು ಅದರಲ್ಲಿ ಒಯ್ಯಲಾಗದು. ವಿದ್ಯುತ್ತೇನೂ ಆಕಾಶದಿಂದ ಉದುರುವುದಿಲ್ಲ ಎಂಬುದನ್ನು ಈ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. 1964ರ ಲಿಂಗನಮಕ್ಕಿಯ ನೀರಿನಡಿ ಮುಳುಗಿದ ಊರುಗಳಿಂದ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ಶಿವಮೊಗ್ಗ ತಾಲ್ಲೂಕಿನಲ್ಲಿಯೂ ಇದ್ದಾರೆ.

ಕೊನೆಗೆ ಅಪ್ಪಯ್ಯನ ಕಂತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಮೇಲಿನ ಸೆಸ್ಸೂ ಹೋಗಿದೆ. ಬೆಲೆ ಇಳಿದಾಗ ಒಂದು ದರ್ಜೆ ಮೇಲಿನ ಕಾರಿಗೆ ಕೈಚಾಚುವ ಮೋಹ ಹೆಚ್ಚುತ್ತದೆ. 5 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಗೆ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 10,380 ರೂಪಾಯಿ, ಒಟ್ಟು ಕಟ್ಟುವುದು 6.23 ಲಕ್ಷ. ಸಂಬಳದ ಮನೆಗೆ ಇದು ಹೇಗೋ ಹೊಂದುತ್ತದೆ. ಅಡಿಕೆಯ ಹಣ ಬರುವುದು ವರ್ಷಕ್ಕೊಮ್ಮೆ, ಕಂತು ಬರುವುದು ಹನ್ನೆರಡು ಬಾರಿ. ಎಲೆಚುಕ್ಕೆ ರೋಗ ತೋಟಕ್ಕೆ ಹೊಕ್ಕ ವರ್ಷ ಕೊಯ್ಲು ಕುಸಿಯಬಹುದು, ಕಂತು ಕುಸಿಯುವುದಿಲ್ಲ. ತೋಟವೊಂದನ್ನೇ ನಂಬಿದ ಮನೆ ಒಂದು ವರ್ಷದ ಕಂತನ್ನು ಠೇವಣಿಯಾಗಿ ಬದಿಗಿಟ್ಟ ಮೇಲೆಯೇ ಸಾಲದ ಕಾಗದಕ್ಕೆ ಸಹಿ ಹಾಕುವುದು ಕ್ಷೇಮ.

ಅಷ್ಟು ಆಗದಿದ್ದರೆ ನಾಲ್ಕೈದು ವರ್ಷ ಓಡಿದ ಕಾರು ತೆಗೆದುಕೊಳ್ಳುವುದರಲ್ಲಿ ಅವಮಾನವೇನಿಲ್ಲ. 1983ರಲ್ಲಿ ಬಂದ ಮಾರುತಿ 800, ಅದರ ಬೆನ್ನಿಗೇ ಬಂದ ಓಮ್ನಿ, 1998ರ ಇಂಡಿಕಾ ಮಲೆನಾಡಿನ ಅಂಗಳಗಳಲ್ಲಿ ಕೈಯಿಂದ ಕೈಗೆ ದಾಟುತ್ತಲೇ ಬದುಕಿದವು. ಆದರೆ 2019ರ ಆಗಸ್ಟ್ ನೆರೆಯಲ್ಲಿ ಶಿವಮೊಗ್ಗದ ಬಡಾವಣೆಗಳಿಗೇ ನೀರು ನುಗ್ಗಿದ್ದನ್ನು ಮರೆಯಬಾರದು. ಹಳೆಯ ಕಾರಿನ ಕಾರ್ಪೆಟ್ ಎತ್ತಿ ತಳದ ತಗಡಿಗೆ ತುಕ್ಕು ಹಿಡಿದಿದೆಯೇ, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಕಲೆ ಕಾಣುತ್ತದೆಯೇ, ಬಾಗಿಲಿನ ಕೆಳಅಂಚು ಬೆರಳಿಗೆ ಮೆತ್ತಗೆ ಸಿಗುತ್ತದೆಯೇ ಎಂದು ಹಗಲಿನ ಬೆಳಕಿನಲ್ಲಿ ನೋಡಬೇಕು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರಿಂದ 5,000 ರೂಪಾಯಿ ಆಗಿರುವುದನ್ನೂ ಬೆಲೆಯಲ್ಲಿ ಕಳೆದು ಕೇಳಬೇಕು. ಪರೀಕ್ಷೆಗೆಂದು ಓಡಿಸುವಾಗ ಷೋರೂಮಿನ ಮುಂದಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಒಪ್ಪಿಬಿಡಬಾರದು. ಮನೆಯ ಐವರನ್ನೂ ಕೂರಿಸಿಕೊಂಡು, ಏಸಿ ಹಾಕಿ, ಮನೆಯ ಮುಂದಿನ ಅದೇ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಬೇಕು. ಅಜ್ಜಿಯನ್ನು ಅಂದು ತಪ್ಪದೆ ಕರೆದೊಯ್ಯಬೇಕು.