ಕೈಯಲ್ಲಿ ಕಸುಬಿದೆ, ಕಾಗದವಿಲ್ಲ

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಹತ್ತನೇ ತರಗತಿಯ ಫಲಿತಾಂಶ ಪ್ರಕಟವಾದಾಗ ನಮ್ಮ ಮನೆಗಳಲ್ಲಿ ಕೇಳಿಬರುವುದು ಎರಡೇ ಮಾತು. ಮಗ ತೇರ್ಗಡೆಯಾದರೆ ಇಂಜಿನಿಯರ್ ಆಗಲಿ, ಅನುತ್ತೀರ್ಣನಾದರೆ ಯಾರಾದರೂ ಮೇಸ್ತ್ರಿಯ ಜೊತೆ ಪೈಪ್ ಕೆಲಸಕ್ಕೆ ಹೋಗಲಿ. ಕಸುಬನ್ನು ನಾವು ಸೋತವರ ಪಾಲಿಗೆ ಬಿಟ್ಟಿದ್ದೇವೆ. ಆದ್ದರಿಂದಲೇ ಅದಕ್ಕೂ ಒಂದು ಪ್ರಮಾಣಪತ್ರ, ಒಂದು ಪರವಾನಗಿ ಬೇಕೆಂಬ ವಿಚಾರ ನಮಗೆ ಹೊಳೆಯುವುದೇ ಇಲ್ಲ.

ಇದರ ಪರಿಣಾಮವೇನು? ಹತ್ತು ವರ್ಷ ಪೈಪ್ ಜೋಡಿಸಿದ ಯುವಕ ಇಂದಿಗೂ ಹೆಲ್ಪರ್ ಆಗಿಯೇ ಉಳಿದಿದ್ದಾನೆ. ಬೆಂಗಳೂರಿನಲ್ಲಿ ಜಲಮಂಡಳಿಯ ಸಂಪರ್ಕ ಪಡೆಯುವ ಕೆಲಸ ಪರವಾನಗಿ ಹೊಂದಿದ ಪ್ಲಂಬರ್ ಮೂಲಕ ನಡೆಯುತ್ತದೆ. ಕಾಗದವಿಲ್ಲದವನು ಬೆವರು ಸುರಿಸುತ್ತಾನೆ, ಕಾಗದವಿರುವವನು ಸಹಿ ಹಾಕುತ್ತಾನೆ. ಒಬ್ಬನಿಗೆ ದಿನಗೂಲಿ, ಇನ್ನೊಬ್ಬನಿಗೆ ಗುತ್ತಿಗೆ.

ಇದೆಲ್ಲ ಸರಕಾರದ ಕಿರುಕುಳವೆಂದು ಗೊಣಗುವವರಿದ್ದಾರೆ. ಅವರು ಒಂದು ಸಂಗತಿಯನ್ನು ಗಮನಿಸಬೇಕು. ಶೌಚಾಲಯದ ಬಾಗಿದ ಕೊಳವೆಯಲ್ಲಿ ಕನಿಷ್ಠ 50 ಮಿಲಿಮೀಟರ್ ಆಳದಷ್ಟು ನೀರು ಸದಾ ನಿಂತಿರಬೇಕು. ಚರಂಡಿಯ ವಿಷಾನಿಲ ಮನೆಯೊಳಗೆ ನುಗ್ಗದಂತೆ ತಡೆಯುವುದು ಆ ನೀರೇ. ಗಾಳಿ ಕೊಳವೆಯನ್ನು ಸರಿಯಾಗಿ ಇಡದಿದ್ದರೆ ಆ ನೀರು ಹೀರಲ್ಪಟ್ಟು ಖಾಲಿಯಾಗಬಹುದು. ಹಾಗೆಯೇ, ನಲ್ಲಿಯಲ್ಲಿ ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಜೋಡಣೆ ಸಡಿಲವಿದ್ದರೆ ಸುತ್ತಲಿನ ಕೊಳಚೆ ಒಳಸೇರುತ್ತದೆ. ಮರುದಿನ ಅದನ್ನು ಕುಡಿಯುವವರು ನಮ್ಮ ಮಕ್ಕಳು. ಹೇಗೆ ಜೋಡಿಸಬೇಕೆಂಬುದನ್ನು ಮೇಸ್ತ್ರಿ ಕಲಿಸಬಲ್ಲರು. ಏಕೆ ಹಾಗೆಯೇ ಜೋಡಿಸಬೇಕೆಂಬುದನ್ನೂ ಅರಿತವನೇ ಪೂರ್ಣ ಪ್ಲಂಬರ್. ಪರವಾನಗಿಯೆಂದರೆ ಆ ಅರಿವಿನ ಜೊತೆಗೆ ಹೊಣೆಗಾರಿಕೆಯ ಸಹಿ.

ದಾರಿಗಳು ಮುಚ್ಚಿಲ್ಲ. ಐಟಿಐಗಳಲ್ಲಿ ಪ್ಲಂಬರ್ ತರಬೇತಿ ಒಂದು ವರ್ಷದ್ದು. ಕೊನೆಯ ಪರೀಕ್ಷೆಯಲ್ಲಿ ಗೆದ್ದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಈಗಾಗಲೇ ಕೆಲಸ ಬಲ್ಲವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವುದಕ್ಕೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಅವಕಾಶ ಕಲ್ಪಿಸಿತು. ಆದರೆ ಪ್ರಮಾಣಪತ್ರ ಬೇರೆ, ಪರವಾನಗಿ ಬೇರೆ. ಪರವಾನಗಿಗೆ ಆಯಾ ಊರಿನ ನಗರಸಭೆ ಅಥವಾ ಜಲಮಂಡಳಿಯ ನಿಯಮಗಳನ್ನು ವಿಚಾರಿಸಿಯೇ ಅರ್ಜಿ ಸಲ್ಲಿಸಬೇಕು.

ಗಲ್ಫ್ ಇದೆಯಲ್ಲ ಎಂದು ನಿಶ್ಚಿಂತರಾಗಿರುವ ಕಾಲವೂ ಮುಗಿಯಿತು. ಸೌದಿ ಅರೇಬಿಯಾ 2021ರಲ್ಲಿ ವಿದೇಶಿ ಕಾರ್ಮಿಕರ ಕೌಶಲ ಪರಿಶೀಲನೆಯನ್ನು ಆರಂಭಿಸಿತು. ಭಾರತದಲ್ಲಿ ಅದು ಮೊದಲಿಗೆ ಅನ್ವಯವಾದ ಕಸುಬುಗಳಲ್ಲಿ ಪ್ಲಂಬಿಂಗ್ ಕೂಡ ಒಂದು.

ಬಂಧುಗಳೇ, ನಮ್ಮ ಮೊಹಲ್ಲಾಗಳಲ್ಲಿ ಕಾಗದವಿಲ್ಲದ ಪ್ಲಂಬರ್‌ಗಳು ಎಷ್ಟು ಮಂದಿ? ಅವರ ಪಟ್ಟಿ ಮಾಡೋಣ. ಪದವಿ ಓದಿದ ನಮ್ಮ ಹೆಣ್ಣುಮಕ್ಕಳು, ಗಂಡುಮಕ್ಕಳು ವಾರಕ್ಕೊಂದು ಸಂಜೆ ಕುಳಿತು ಅವರ ಅರ್ಜಿಗಳನ್ನು ತುಂಬಿಕೊಡಲಿ. ಸ್ಪ್ಯಾನರ್ ಹಿಡಿದ ಕೈ ತನ್ನ ಕೆಲಸಕ್ಕೆ ತಾನೇ ಸಹಿ ಹಾಕುವಂತಾಗಲಿ.